ನಿಮ್ಮನ್ನೂ ಸೇರಿಸಿ

೧೮ ಜನವರಿ

ಅಪ್ಪಾ,

ನಿಮ್ಮ ಪತ್ರ ತಲುಪಿತು. ಊರಿನ ಹೆಸರು, ಗುಡ್ಡದ ಹೆಸರು, ದಳದ ಹೆಸರು, ಯಾವ ಮನುಷ್ಯನ ಹೆಸರನ್ನೂ ಬರೆಯಬೇಡಿ ಎಂದು ಎಷ್ಟು ಸಲ ಹೇಳಿದರೂ ನೀವು ಕೇಳುವುದಿಲ್ಲ. ಇಲ್ಲಿಗೆ ಬರುವ, ಇಲ್ಲಿಂದ ಹೋಗುವ ಪ್ರತಿಯೊಂದು ಪತ್ರವನ್ನೂ ಮೊದಲು ಒಬ್ಬ ಅಧಿಕಾರಿ ಓದುತ್ತಾರೆ. ನೀವು ಬರೆದ ಎರಡು ಪುಟಗಳಲ್ಲಿ ಒಂದು ಪುಟದಷ್ಟು ಕಪ್ಪು ಮಸಿಯೇ ಇತ್ತು. ಅಮ್ಮನ ಮೊಣಕಾಲು ನೋವಿನ ಸುದ್ದಿ ಮಾತ್ರ ಪೂರ್ತಿ ಉಳಿದುಕೊಂಡಿತ್ತು. ಅದರಿಂದ ಶತ್ರುವಿಗೆ ಲಾಭವಿಲ್ಲ ಎಂದು ಅವರಿಗೆ ಅನ್ನಿಸಿರಬೇಕು.

ಕೊನೆಯ ಪರೀಕ್ಷೆ ಮುಗಿಯಿತು. ನಲವತ್ತು ಜನ ಶುರು ಮಾಡಿದ್ದೆವು, ಒಂಬತ್ತು ಜನ ಉಳಿದಿದ್ದೇವೆ. ಒಂಬತ್ತರಲ್ಲಿ ನಿಮ್ಮ ಮಗಳೂ ಒಬ್ಬಳು. ಗುಂಡು ಹಾರುತ್ತಿರುವ ಜಾಗಕ್ಕೆ ಹೋಗಿ ಅಲ್ಲಿ ಸಿಕ್ಕಿಕೊಂಡವರನ್ನು ಹೊರಗೆ ತರುವುದು ನಮ್ಮ ದಳದ ಕೆಲಸ. ಅದರಲ್ಲಿ ನನ್ನದು ಹಗ್ಗ. ಹೆಲಿಕಾಪ್ಟರ್ ಮೇಲೆ ನಿಂತಿರುತ್ತದೆ, ನಾನು ಕೆಳಗಿಳಿದು ಒಬ್ಬೊಬ್ಬರಿಗೇ ಪಟ್ಟಿ ಬಿಗಿದು ಮೇಲಕ್ಕೆ ಕಳಿಸಬೇಕು, ಎಲ್ಲರಿಗಿಂತ ಕೊನೆಗೆ ನಾನು ಹೋಗಬೇಕು. ಆರು ವರ್ಷದಿಂದ ಕೇಳುತ್ತಿದ್ದುದು ಇದನ್ನೇ.

ನಿಮ್ಮ ದೆಸೆಯಿಂದ ಮೊದಲ ದಿನವೇ ಮಾನ ಹೋಯಿತು. ಕೊಂಡಿ ಬಿಗಿಯಾಗಿದೆ, ಎಳೆಯಿರಿ ಎಂದು ತಿಳಿಸಬೇಕಿತ್ತು. ವೈರ್‌ಲೆಸ್‌ನಲ್ಲಿ "ರೈಟ್, ರೈಟ್" ಎಂದುಬಿಟ್ಟೆ. ಬಸ್ ಕಂಡಕ್ಟರ ಮಗಳ ಬಾಯಲ್ಲಿ ಬೇರೇನು ಬರುತ್ತದೆ? ಪೈಲಟ್ ಅದನ್ನು ಬಲಕ್ಕೆ ಎಂದುಕೊಂಡು ಬಲಕ್ಕೆ ತಿರುಗಿಸಿದ. ನಾನು ಹಗ್ಗದ ತುದಿಯಲ್ಲಿ ತೂಗಿಕೊಂಡು ಹೋಗಿ ಒಂದು ಮರವನ್ನು ಅಪ್ಪಿಕೊಂಡೆ. ನಮಗೆ ಕಲಿಸುವ ಉಸ್ತಾದರು ಆಮೇಲೆ ಅಂದದ್ದನ್ನು ಬರೆದರೆ ಇಲ್ಲಿನ ಮಸಿ ಸಾಲದು. ಈಗ ದಳದಲ್ಲಿ ಎಲ್ಲರೂ ನನ್ನನ್ನು ಕಂಡಕ್ಟರ್ ಎಂದೇ ಕರೆಯುತ್ತಾರೆ.

ಅಮ್ಮನಿಗೆ ಮರದ ವಿಷಯ ಓದಿ ಹೇಳಬೇಡಿ.

ನಿಮ್ಮ ಮಗಳು


೨ ಫೆಬ್ರವರಿ

ಮಗಳೇ,

ಮೊದಲು, ಈ ಪತ್ರವನ್ನು ನಿನಗಿಂತ ಮುಂಚೆ ಓದುವ ಮಹನೀಯರಿಗೆ ನನ್ನ ನಮಸ್ಕಾರ. ಸ್ವಾಮಿ, ಈ ಸಲ ಯಾವ ಹೆಸರೂ ಬರೆದಿಲ್ಲ, ನಿಮ್ಮ ಮಸಿ ಉಳಿಯಿತು.

ಮರದ ವಿಷಯ ನಿನ್ನ ಅಮ್ಮನಿಗೆ ಗೊತ್ತಾಯಿತು. ಪತ್ರವನ್ನು ಜೋರಾಗಿ ಓದುತ್ತಾ ಹೋದೆ, ಬೇಡಿ ಎಂದು ನೀನು ಬರೆದದ್ದು ಕೊನೆಯ ಸಾಲಿನಲ್ಲಿತ್ತು. ಇನ್ನು ಮುಂದೆ ಇಂಥದ್ದನ್ನು ಮೇಲ್ಗಡೆ ಬರೆ.

ಕಂಡಕ್ಟರ್ ಎಂಬ ಹೆಸರು ಬಂದದ್ದು ನನಗೆ ಹೆಮ್ಮೆಯೇ. ಹೆಸರಿನ ಜೊತೆ ಕಸುಬನ್ನೂ ಇಟ್ಟುಕೋ. ಬಸ್ ಬಿಡುವ ಮುಂಚೆ ನಾನು ಎರಡು ಸಲ ತಲೆ ಎಣಿಸುತ್ತಿದ್ದೆ. ಮುಂದಿನಿಂದ ಹಿಂದಕ್ಕೆ ಒಂದು ಸಲ, ಹಿಂದಿನಿಂದ ಮುಂದಕ್ಕೆ ಒಂದು ಸಲ. ಎರಡೂ ತಾಳೆಯಾದರೆ ಮಾತ್ರ ಗಂಟೆ. ಮೂವತ್ತೊಂದು ವರ್ಷ ಹೀಗೆ ಮಾಡಿದ್ದೇನೆ. ನೀನೂ ಹಾಗೇ ಮಾಡು.

ಇದನ್ನು ಬರೆಯುವಾಗ ನಿನ್ನ ಅಮ್ಮ ಹಿಂದೆ ನಿಂತು ನಗುತ್ತಿದ್ದಾಳೆ. ನಿನ್ನೆಯೂ ಊಟಕ್ಕೆ ನಾನು ಒಂದೇ ತಟ್ಟೆ ಇಟ್ಟಿದ್ದೆನಂತೆ. ಮನೆಯಲ್ಲಿ ಇರುವುದು ಇಬ್ಬರು, ಅದರಲ್ಲೂ ಒಂದು ಕಡಿಮೆ. "ಊರೆಲ್ಲಾ ಎಣಿಸ್ತಾರೆ, ತಮ್ಮನ್ನ ಬಿಟ್ಟು" ಎಂದು ನೀನು ಚಿಕ್ಕವಳಾಗಿದ್ದಾಗಿನಿಂದ ಹೇಳುವುದನ್ನೇ ಹೇಳಿದಳು. ಶೌರ್ಯ ನಿನಗೆ ಬಂದಿರುವುದು ಅಪ್ಪನ ಕಡೆಯಿಂದ ಎಂದು ಗೋಡೆ ಗಡಿಯಾರ ತೋರಿಸಿ ನೆರೆಯವರಿಗೆ ಹೇಳುತ್ತಾಳೆ. ಮೂವತ್ತೆಂಟು ಜೀವ ಉಳಿಸಿದ ಕಂಡಕ್ಟರಿಗೆ ಎಂದು ಕೆತ್ತಿ ಡಿಪೋದವರು ಕೊಟ್ಟದ್ದಲ್ಲವೇ. ಆ ಗಡಿಯಾರದ ಮಾತು ಬೇಡ ಎಂದರೆ ಅವಳು ಕೇಳುವುದಿಲ್ಲ.

ಹೊಲಿಗೆ ದೊಡ್ಡಮ್ಮ ನಿನ್ನನ್ನು ಕೇಳಿದರು. ಡ್ರೈವರ್ ದೊಡ್ಡಪ್ಪ ಇದ್ದಿದ್ದರೆ ಇವಳನ್ನು ನೋಡಿ ಕುಣಿದಾಡುತ್ತಿದ್ದರು ಎಂದರು. ಚಳಿಗೆಂದು ನಿನಗೆ ಒಳಗೆ ಹಾಕಿಕೊಳ್ಳಲು ಒಂದು ದಪ್ಪ ಬನಿಯನ್ ಹೊಲಿದು ಕೊಟ್ಟಿದ್ದಾರೆ, ಜೊತೆಯಲ್ಲಿ ಕಳಿಸಿದ್ದೇನೆ.

ಇಂತಿ, ನಿನ್ನ ಅಪ್ಪ


೨೬ ಫೆಬ್ರವರಿ

ಅಪ್ಪಾ,

ಬನಿಯನ್ ಸರಿಯಾಗಿ ಕೂತಿದೆ. ಅಳತೆಯನ್ನೇ ಕೇಳದೆ ದೊಡ್ಡಮ್ಮ ಹೇಗೆ ಹೊಲಿದರು? ಕೆಲವು ದಿನ ಪತ್ರ ಬರುವುದಿಲ್ಲ. ಕಾರಣ ಕೇಳಬೇಡಿ. ಹಗ್ಗವನ್ನು ಎರಡು ಸಲ ನೋಡಿದ್ದೇನೆ, ಆ ತುದಿಯಿಂದ ಈ ತುದಿಗೆ ಒಮ್ಮೆ, ಈ ತುದಿಯಿಂದ ಆ ತುದಿಗೆ ಒಮ್ಮೆ.

ನಿಮ್ಮ ಕಂಡಕ್ಟರ್


೨೦ ಮಾರ್ಚ್

ಮಗಳೇ,

ಮೊದಲು ಓದುವವರಿಗೆ ಈ ಸಲ ನಮಸ್ಕಾರ ಸಾಲದು, ಹತ್ತಿರವಿದ್ದಿದ್ದರೆ ಕೈಕುಲುಕಿ ಬರುತ್ತಿದ್ದೆ. ಪತ್ರಿಕೆಯ ಮುಖಪುಟದಲ್ಲೇ ಬಂದಿದೆ. ಕುಸಿದ ಆಸ್ಪತ್ರೆಯಿಂದ ಮೂವರು ಹೆಂಗಸರನ್ನು ಹನ್ನೊಂದು ನಿಮಿಷದಲ್ಲಿ ಹೊರತೆಗೆದ ಯೋಧೆ. ಹೆಸರಿಲ್ಲ, ಮುಖದ ಮುಕ್ಕಾಲು ಪಾಲು ಹೆಲ್ಮೆಟ್ಟಿನೊಳಗಿದೆ. ಆದರೆ ಮೂಗು ನನ್ನದೇ. ನಿನ್ನ ಅಮ್ಮ ಭೂತಗನ್ನಡಿ ಹಿಡಿದು ನೋಡಿ, ಬನಿಯನ್ನಿನ ಕುತ್ತಿಗೆ ಪಟ್ಟಿಯ ಹೊಲಿಗೆ ದೊಡ್ಡಮ್ಮನದೇ ಎಂದು ತೀರ್ಮಾನಿಸಿದಳು.

ಡಿಪೋಗೆ ಹೋಗಿದ್ದೆ. ಹಳೆಯ ಮೆಕ್ಯಾನಿಕ್ಕು, ಟಿಕೆಟ್ ತಪಾಸಣೆಯವರು ಎಲ್ಲರೂ ಸುತ್ತ ಸೇರಿಕೊಂಡರು. ಚಿತ್ರವನ್ನು ಕತ್ತರಿಸಿ ಸೂಚನಾ ಫಲಕಕ್ಕೆ ಅಂಟಿಸಿದ್ದಾರೆ, ರಜೆ ಅರ್ಜಿಗಳ ಪಕ್ಕದಲ್ಲಿ. ನಿನಗೆ ಪದಕ ಕೊಡುತ್ತಾರಂತೆ. ನಾನು ಎರಡು ದಿನದಿಂದ ನೆಲದ ಮೇಲೆ ಕಾಲಿಟ್ಟಿಲ್ಲ.

ಅದೇ ಕಟ್ಟಡದಲ್ಲಿ ಒಬ್ಬ ಕಾಂಪೌಂಡರ್ ಮರುದಿನ ಸಿಕ್ಕಿದನಂತೆ, ಅವನಿರುವುದು ಯಾರಿಗೂ ತಿಳಿದಿರಲಿಲ್ಲವಂತೆ. ಅದು ಒಳಪುಟದಲ್ಲಿ ಎರಡೇ ಸಾಲು. ಜೀವಕ್ಕೆ ಅಪಾಯವಿಲ್ಲ ಎಂದಿತ್ತು. ಒಟ್ಟಿನಲ್ಲಿ ಎಲ್ಲರೂ ಉಳಿದರಲ್ಲ.

ಬೇಗ ಬರೆ.

ಇಂತಿ, ನೆಲದಿಂದ ಒಂದು ಗೇಣು ಮೇಲಿರುವ ಅಪ್ಪ


೧೭ ಏಪ್ರಿಲ್

ಮಗಳೇ,

ನಾಲ್ಕು ವಾರವಾಯಿತು. ಮೊದಲು ಓದುವವರೇ, ಅವಳ ಪತ್ರ ನಿಮ್ಮ ಮೇಜಿನ ಮೇಲೆ ಇದ್ದರೆ ದಯವಿಟ್ಟು ಬಿಡಿ, ಪೂರ್ತಿ ಮಸಿ ಬಳಿದಾದರೂ ಕಳಿಸಿ. ಅವಳ ಕೈಬರಹದ ವಿಳಾಸ ನೋಡಿದರೆ ಸಾಕು.

ಏಟು ಬಿದ್ದಿದೆಯೇ ಎಂದು ಅಮ್ಮ ಕೇಳುತ್ತಾಳೆ. ಬಿದ್ದಿದ್ದರೆ ತಿಳಿಸುತ್ತಿದ್ದರು ಎನ್ನುತ್ತೇನೆ. ದೊಡ್ಡಮ್ಮ ಮಾತ್ರ ಬೇರೆ ಮಾತು ಹೇಳಿದರು. ನೀನು ಕಳಿಸಿದ ಹಳೆಯ ಪತ್ರ ಓದಿಸಿಕೊಂಡು, ಮಷೀನು ನಿಲ್ಲಿಸಿ, "ಆ ಹುಡುಗಿಗೆ ಏನೋ ಆಗಿದೆ, ಮೈಗಲ್ಲ" ಎಂದರು. ನನಗೂ ಹಾಗೇ ಅನ್ನಿಸುತ್ತಿತ್ತು, ಬಾಯಿಬಿಟ್ಟು ಅಂದಿರಲಿಲ್ಲ.

ಅಪ್ಪ


೪ ಮೇ

ಅಪ್ಪಾ,

ಒಂದು ವಿಷಯ ಕೇಳಬೇಕು. ಊಟಕ್ಕೆ ತಟ್ಟೆ ಇಡುವಾಗ ನೀವು ನಿಮ್ಮನ್ನು ಯಾಕೆ ಬಿಟ್ಟು ಎಣಿಸುತ್ತೀರಿ?

ಮಗಳು


೧೧ ಮೇ

ಮಗಳೇ,

ಎರಡು ತಿಂಗಳ ಮೇಲೆ ಪತ್ರ ಬಂದರೆ ಅದರಲ್ಲಿ ತಟ್ಟೆಯ ವಿಚಾರವೇ? ಅಂಗಳದಲ್ಲಿ ನಿಂತು ಮೂರು ಸಲ ಓದಿದೆ, ಹಿಂದೆ ಮುಂದೆ ಏನಾದರೂ ಇದೆಯೇ ಎಂದು ಹಾಳೆ ತಿರುಗಿಸಿಯೂ ನೋಡಿದೆ.

ಉತ್ತರ ಸುಲಭ. ಎಣಿಸುವವನ ಕಣ್ಣಿಗೆ ಎಲ್ಲರೂ ಬೀಳುತ್ತಾರೆ, ಅವನೊಬ್ಬ ಬೀಳುವುದಿಲ್ಲ. ಬಸ್ಸಿನಲ್ಲೂ ಅಷ್ಟೇ. ಪ್ರಯಾಣಿಕರು ಎಷ್ಟು ಎಂದು ಕೇಳಿದರೆ ಕಂಡಕ್ಟರು ತನ್ನನ್ನು ಸೇರಿಸಿ ಹೇಳುತ್ತಾನೆಯೇ?

ಈಗ ನೀನು ಹೇಳು. ಯಾಕೆ ಕೇಳಿದೆ?

ಅಪ್ಪ


೨೨ ಮೇ

ಅಪ್ಪಾ,

ಈ ಪತ್ರ ನಿಮ್ಮ ಕೈಗೆ ಬರುವ ಮುಂಚೆ ಇಲ್ಲಿ ಓದುವವರು ಓದುತ್ತಾರೆ. ಗೊತ್ತಿದ್ದೇ ಬರೆಯುತ್ತಿದ್ದೇನೆ. ಅಮ್ಮನಿಗೆ ಓದಿ ಹೇಳಬೇಡಿ. ನೋಡಿ, ಮೇಲ್ಗಡೆಯೇ ಬರೆದಿದ್ದೇನೆ.

ಮಧ್ಯಾಹ್ನ ಎರಡು ಗಂಟೆಯ ಹೊತ್ತು. ಆ ಸಣ್ಣ ಆಸ್ಪತ್ರೆಯ ಮೇಲಿನ ಮಹಡಿ ಕೆಳಗಿನದರ ಮೇಲೆ ಕುಳಿತುಬಿಟ್ಟಿತ್ತು. ಗೋಡೆಯ ಬುಡದಲ್ಲಿ ಒಬ್ಬರು ತೂರುವಷ್ಟು ಸಂದು. ಹೊಟ್ಟೆಯ ಮೇಲೆ ಮಲಗಿ ತಲೆ ಒಳಗೆ ಹಾಕಿ, ಕಲಿಸಿದ ಹಾಗೆ ಕೂಗಿದೆ. "ಎಷ್ಟು ಜನ ಇದೀರ?" ಒಳಗಿನಿಂದ ಉತ್ತರ ಬಂತು. "ಮೂರು ಜನ. ಬೇಗ ಎಳ್ಕೊಳ್ಳಿ."

ಒಬ್ಬರಾದ ಮೇಲೆ ಒಬ್ಬರಂತೆ ಮೂರು ಜನ ನನ್ನ ಕೈಗೆ ಬಂದರು. ಮೈಮುಖವೆಲ್ಲ ಸುಣ್ಣದ ಧೂಳು, ಯಾರು ಏನೆಂದು ತಿಳಿಯುವಂತಿರಲಿಲ್ಲ. ಮೂರು ಎಂದರು, ಮೂರು ಬಂತು. ಹಗ್ಗವನ್ನು ಎರಡು ಸಲ ಜಗ್ಗಿದೆ, ಮೇಲಕ್ಕೆ ಹೋದೆ.

ಹೆಲಿಕಾಪ್ಟರಿನಲ್ಲಿ ಕೂತು ಒದ್ದೆ ಬಟ್ಟೆಯಿಂದ ಅವರ ಮುಖ ಒರೆಸುವಾಗ ಗೊತ್ತಾಯಿತು. ಮೂವರೂ ಹೆಂಗಸರು. ಸಂದಿಯಲ್ಲಿ ನನಗೆ ಉತ್ತರ ಕೊಟ್ಟದ್ದು ಗಂಡಸಿನ ಧ್ವನಿ.

ಆಗ ಹೊರಟು ಆರು ನಿಮಿಷವಾಗಿತ್ತು. ಒಬ್ಬಳಿಗೆ ಪ್ರಜ್ಞೆ ಇರಲಿಲ್ಲ. ಇನ್ನಿಬ್ಬರು ಸ್ಫೋಟದ ಸದ್ದಿಗೆ ಕಿವಿ ಕಳೆದುಕೊಂಡು ಸುಮ್ಮನೆ ಬಾಯಿ ತೆರೆದು ಮುಚ್ಚುತ್ತಿದ್ದರು. ನಾನು ಪೈಲಟ್ಟಿಗೆ ಹೇಳಲು ಗುಂಡಿ ಒತ್ತಿದೆ. ಅಷ್ಟರಲ್ಲಿ ಉಸ್ತಾದರು ನನ್ನ ಬೆನ್ನು ತಟ್ಟಿದರು. ಅವರು ಯಾರ ಬೆನ್ನನ್ನೂ ತಟ್ಟಿದವರಲ್ಲ. ಧೂಳಿನಲ್ಲಿ ಹೆಂಗಸಿನ ಧ್ವನಿಯೂ ಒಡೆದು ಗಂಡಸಿನ ಹಾಗೆ ಕೇಳಿರಬಹುದು ಎಂದುಕೊಂಡೆ. ಗುಂಡಿ ಬಿಟ್ಟುಬಿಟ್ಟೆ.

ಮರುದಿನ ಬೆಳಿಗ್ಗೆ ಆ ಹೆಂಗಸರಿಗೆ ಮಾತು ಬಂದ ಮೇಲೆ ಅವರು ಹೇಳಿದರು, ನಮ್ಮನ್ನು ಸಂದಿಗೆ ತಳ್ಳಿದ್ದು ಕಾಂಪೌಂಡರ್ ಎಂದು. ಪದಾತಿ ದಳದವರು ಹೋಗಿ ಅಗೆದರು. ಹತ್ತೊಂಬತ್ತು ಗಂಟೆ ಅವನು ತೊಲೆಯ ಕೆಳಗೆ ಬಲಗೈ ಸಿಕ್ಕಿಕೊಂಡು ಇದ್ದ, ಆಮೇಲೆ ಕೂಗಿದ್ದು ಹೆಲಿಕಾಪ್ಟರಿನ ಸದ್ದಿನಲ್ಲಿ ಯಾರಿಗೂ ಕೇಳಿಸಿರಲಿಲ್ಲ. ಬಲಗೈ ತೆಗೆಯಬೇಕಾಯಿತು. ಅವನು ಮೂರು ಎಂದದ್ದು ತನ್ನನ್ನು ಬಿಟ್ಟು.

ನನ್ನ ವರದಿಯಲ್ಲಿ ಹೀಗಿದೆ. ಎಷ್ಟು ಜನ ಎಂದು ಕೇಳಿದೆ, ಮೂವರು ಎಂದರು, ಮೂವರನ್ನೂ ತಂದೆ. ಒಂದಕ್ಷರ ಸುಳ್ಳಿಲ್ಲ. ಧ್ವನಿಯ ಮಾತು ಮಾತ್ರ ಇಲ್ಲ. ಅದು ನನ್ನೊಬ್ಬಳಿಗೆ ಗೊತ್ತು. ಹೇಳಿದರೆ ನನ್ನನ್ನು ಹಗ್ಗದಿಂದ ತೆಗೆಯುತ್ತಾರೆ, ಅದು ಖಂಡಿತ. ಹೇಳದಿದ್ದರೆ ಜುಲೈಯಲ್ಲಿ ಪದಕ.

ಎಣಿಸುವವನು ತನ್ನನ್ನು ಬಿಟ್ಟು ಎಣಿಸುತ್ತಾನೆ ಎಂದು ಪ್ರಪಂಚದಲ್ಲಿ ಯಾರಿಗೆ ಗೊತ್ತಿಲ್ಲದಿದ್ದರೂ ನನಗೆ ಗೊತ್ತಿರಬೇಕಿತ್ತು. ಇಪ್ಪತ್ತು ವರ್ಷ ಮನೆಯಲ್ಲಿ ದಿನಕ್ಕೆರಡು ಹೊತ್ತು ನೋಡಿದ್ದೇನೆ. ಅದನ್ನು ನೋಡಿ ನಕ್ಕಿದ್ದೇನೆ.

ನಾಚಿಕೆಯಾಗುತ್ತಿದೆ, ಅಪ್ಪಾ. ಬೇರೆ ಯಾರಿಗೂ ಬರೆಯಲು ಆಗುತ್ತಿರಲಿಲ್ಲ.

ಮಗಳು


೮ ಜೂನ್

ಮಗಳೇ,

ನಿನ್ನ ಪತ್ರ ಬಂದು ಹತ್ತು ದಿನವಾಯಿತು. ನಾಲ್ಕು ಉತ್ತರ ಬರೆದು ಹರಿದೆ. ಒಂದರಲ್ಲಿ ನಿನ್ನದೇನೂ ತಪ್ಪಿಲ್ಲ ಎಂದಿದ್ದೆ. ಇನ್ನೊಂದರಲ್ಲಿ ಹೋಗಿ ಹೇಳಿಬಿಡು ಎಂದಿದ್ದೆ. ಎರಡನ್ನೂ ಹೇಳುವ ಯೋಗ್ಯತೆ ನನಗಿಲ್ಲ. ಯಾಕಿಲ್ಲ ಎನ್ನುವುದನ್ನು ಮಾತ್ರ ಬರೆಯುತ್ತೇನೆ. ಮೊದಲು ಓದುವವರೇ, ಇದನ್ನು ನೀವೂ ಓದಬೇಕಾಗಿ ಬಂದದ್ದಕ್ಕೆ ಕ್ಷಮಿಸಿ.

ಹನ್ನೊಂದು ವರ್ಷದ ಹಿಂದಿನ ಬಸ್ ಅಪಘಾತ ನಿನಗೆ ನೆನಪಿರಬೇಕು, ನೀನಾಗ ಹೈಸ್ಕೂಲು. ಘಟ್ಟದ ಇಳಿಜಾರಿನಲ್ಲಿ ಬ್ರೇಕು ಕೈಕೊಟ್ಟಿತು. ಒಂದು ಕಡೆ ಕಣಿವೆ, ಇನ್ನೊಂದು ಕಡೆ ಮಣ್ಣಿನ ದಿಬ್ಬ. ಸ್ಟಿಯರಿಂಗ್ ಹಿಡಿದಿದ್ದ ನಿನ್ನ ದೊಡ್ಡಪ್ಪ ತಾನು ಕೂತ ಕಡೆಯನ್ನೇ ದಿಬ್ಬಕ್ಕೆ ಒತ್ತಿ ಬಸ್ಸು ನಿಲ್ಲಿಸಿದ. ಮುಂಭಾಗ ನುಜ್ಜಾಯಿತು, ಹೊಗೆ ಏಳಲು ಶುರುವಾಯಿತು. ನಾನು ಹಿಂಬಾಗಿಲು ಒದ್ದು ತೆಗೆದು ಜನರನ್ನು ಇಳಿಸಿದೆ. ರಸ್ತೆಯಲ್ಲಿ ಸಾಲಾಗಿ ನಿಲ್ಲಿಸಿ ಎಣಿಸಿದೆ. ಮುಂದಿನಿಂದ ಹಿಂದಕ್ಕೆ ಮೂವತ್ತೆಂಟು. ಹಿಂದಿನಿಂದ ಮುಂದಕ್ಕೆ ಮೂವತ್ತೆಂಟು. ಹರಿದ ಟಿಕೆಟ್ಟೂ ಮೂವತ್ತೆಂಟು. "ಎಲ್ಲಾ ಬಂದ್ರು, ನಡೀರಿ" ಎಂದು ಕೂಗಿ ಎಲ್ಲರನ್ನೂ ತಿರುವಿನ ಆಚೆಗೆ ನಡೆಸಿಕೊಂಡು ಹೋದೆ.

ಡ್ರೈವರಿಗೆ ಟಿಕೆಟ್ ಇರುವುದಿಲ್ಲ.

ತಿರುವಿನ ಆಚೆ ನಿಂತು ನೀರಿನ ಬಾಟಲಿ ತೆಗೆದೆ. ಯಾವಾಗಲೂ ಮೊದಲ ಗುಟುಕು ಅವನಿಗೆ. ಕೊಡೋಣವೆಂದು ತಿರುಗಿದರೆ ಅವನಿಲ್ಲ. ತನ್ನ ಬಾಗಿಲಿನಿಂದ ತಾನು ಇಳಿದಿರುತ್ತಾನೆ ಎಂದುಕೊಂಡಿದ್ದೆನೇ? ಹಾಗೂ ಅಂದುಕೊಂಡಿರಲಿಲ್ಲ. ಅವನ ನೆನಪೇ ಆಗಿರಲಿಲ್ಲ. ಹತ್ತೊಂಬತ್ತು ವರ್ಷ ಒಟ್ಟಿಗೆ ಓಡಾಡಿದವರು ನಾವು. ಓಡಿದೆ. ಅಷ್ಟರಲ್ಲಿ ಬೆಂಕಿ ಹತ್ತಿತ್ತು.

ವಿಚಾರಣೆಯಲ್ಲಿ ಹೇಳಿದೆ, ಬಾಗಿಲು ಬಿಗಿದುಹೋಗಿತ್ತು, ಹತ್ತಿರ ಹೋಗಲು ಆಗಲಿಲ್ಲ. ನೀನು ಬರೆದ ಹಾಗೆಯೇ, ಒಂದಕ್ಷರ ಸುಳ್ಳಿಲ್ಲ. ಮೊದಲ ನಾಲ್ಕು ನಿಮಿಷದ ಮಾತು ಮಾತ್ರ ಇರಲಿಲ್ಲ. ಆಮೇಲೆ ಗಡಿಯಾರ ಕೊಟ್ಟರು. ಚಪ್ಪಾಳೆ ತಟ್ಟಿದರು. ತೆಗೆದುಕೊಂಡೆ.

ತಟ್ಟೆಯ ವಿಷಯ ಕೇಳಿದೆಯಲ್ಲ. ಮುಂಚೆ ಅದು ನಿಜವಾಗಿಯೂ ಮರೆವೇ. ಆ ದಿನದ ಮೇಲೆ ಮರೆವೋ, ಬೇರೆಯೋ ನನಗೇ ಗೊತ್ತಿಲ್ಲ. ನನ್ನ ತಟ್ಟೆಯನ್ನು ನಾನೇ ಇಟ್ಟುಕೊಳ್ಳಲು ಕೈ ಬರುವುದಿಲ್ಲ. ಬೇರೆ ಯಾರಾದರೂ ಇಟ್ಟರೆ ಉಣ್ಣುತ್ತೇನೆ.

ದೊಡ್ಡಮ್ಮ ಒಂದೇ ಒಂದು ಸಲ ಕೇಳಿದ್ದರು, ಅವರಿಗೆ ಏನೂ ಮಾಡಲು ಆಗಲಿಲ್ಲವೇ ಎಂದು. ಇಲ್ಲ ಎಂದೆ. ಅಂದಿನಿಂದ ಅವರ ಮನೆಯ ಮುಂದೆ ಹಾದುಹೋಗುವಾಗಲೆಲ್ಲ ಮಷೀನಿನ ಸದ್ದು ಕೇಳಿಸುತ್ತದೆ, ನಾನು ಹೆಜ್ಜೆ ಬೇಗ ಹಾಕುತ್ತೇನೆ. ಹೇಳದಿದ್ದರೆ ಏನಾಗುತ್ತದೆ ಎಂದು ಕೇಳಿದರೆ ಇದೇ ಆಗುತ್ತದೆ. ದೊಡ್ಡದೇನೂ ಆಗುವುದಿಲ್ಲ. ಇಷ್ಟೇ, ಹನ್ನೊಂದು ವರ್ಷ.

ನಿನ್ನ ಕಾಂಪೌಂಡರ್ ಬದುಕಿದ್ದಾನೆ, ಮಗಳೇ. ನಿನಗೆ ಅದೊಂದು ಇದೆ.

ಅಪ್ಪ


೧ ಜುಲೈ

ಅಪ್ಪಾ,

ನಿಮ್ಮ ಪತ್ರದಲ್ಲಿ ಒಂದು ಚುಕ್ಕೆ ಮಸಿಯೂ ಇರಲಿಲ್ಲ. ಅದಕ್ಕೂ ಮುಂಚೆ ನಡೆದದ್ದನ್ನು ಹೇಳಬೇಕು.

ನಾನು ನಿಮಗೆ ಬರೆದ ಪತ್ರ ಹಾಕಿದ ಮರುದಿನವೇ ಓದುವ ಅಧಿಕಾರಿ ಕರೆಸಿದರು. ಇಷ್ಟು ದಿನ ಅವರನ್ನು ನೋಡಿಯೇ ಇರಲಿಲ್ಲ. ದಪ್ಪ ಕನ್ನಡಕ, ಮೇಜಿನ ಮೇಲೆ ಮಸಿ ಬುಡ್ಡಿ, ಒದ್ದೆ ಸ್ಪಂಜು. ನನ್ನ ಪತ್ರ ಎದುರಿಗಿತ್ತು. ಬಂಧನ, ವಿಚಾರಣೆ ಏನೇನೋ ಅಂದುಕೊಂಡು ನಿಂತಿದ್ದೆ. ಅವರು ಹೇಳಿದ್ದು ಇಷ್ಟು. "ಇದನ್ನ ನಾನು ಪತ್ರ ಅಂತ ಓದಿದೀನಿ, ವರದಿ ಅಂತ ಓದಿಲ್ಲ. ವರದಿ ನೀನೇ ಕೊಡಬೇಕು." ಅಪ್ಪನ ಉತ್ತರ ಬರಲಿ, ಆಮೇಲೆ ಕೊಡುತ್ತೇನೆ ಎಂದೆ. ತಲೆಯಾಡಿಸಿ, ಗಂಟೆ ನಮೂದಿಸಿದ ಸಾಲಿಗೆ ಮಸಿ ಬಳಿಯಲು ಕುಂಚ ಎತ್ತಿದರು, ಯಾಕೋ ಮತ್ತೆ ಇಳಿಸಿದರು.

ನಿಮ್ಮ ಉತ್ತರವನ್ನು ಅವರೇ ಕೈಯಾರೆ ತಂದುಕೊಟ್ಟರು. ಎರಡು ಸಲ ಓದಿದೆ ಎಂದರು. ಮುಂದಿನಿಂದ ಹಿಂದಕ್ಕೋ ಎಂದು ಕೇಳಬೇಕೆನ್ನಿಸಿತು, ಕೇಳಲಿಲ್ಲ.

ಅಂದೇ ವರದಿ ಕೊಟ್ಟೆ. ಪದಕ ನಿಂತಿತು. ಹಗ್ಗದಿಂದ ತೆಗೆದಿದ್ದಾರೆ, ಎಷ್ಟು ದಿನಕ್ಕೆಂದು ಹೇಳಿಲ್ಲ. ಈಗ ಸಾಮಾನು ಕೋಣೆಯಲ್ಲಿ ಬೇರೆಯವರ ಹಗ್ಗ ಪರೀಕ್ಷಿಸುತ್ತೇನೆ, ಕೊಂಡಿಗಳಿಗೆ ಎಣ್ಣೆ ಹಾಕುತ್ತೇನೆ. ದಳದಲ್ಲಿ ಇಬ್ಬರು ಮಾತು ಬಿಟ್ಟಿದ್ದಾರೆ. ಉಸ್ತಾದರು ಬೈಯಲೂ ಇಲ್ಲ. ಅದು ಬೈದದ್ದಕ್ಕಿಂತ ಕಷ್ಟವಾಯಿತು.

ಡಿಪೋದ ಫಲಕದಿಂದ ಆ ಚಿತ್ರ ತೆಗೆಸಿಬಿಡಿ.

ನಾಳೆ ಕಾಂಪೌಂಡರನ್ನು ನೋಡಲು ಅನುಮತಿ ಸಿಕ್ಕಿದೆ.

ಮಗಳು


೧೯ ಜುಲೈ

ಮಗಳೇ,

ಚಿತ್ರ ತೆಗೆಸಲು ಡಿಪೋಗೆ ಹೋದೆ. ಮೆಕ್ಯಾನಿಕ್ಕು ಯಾಕೆಂದು ಕೇಳಿದ. ಇದ್ದದ್ದನ್ನು ಹೇಳಿದೆ. ಸ್ಪ್ಯಾನರ್ ಒರೆಸುತ್ತಾ, ಹಾಗಾದರೆ ಚಿತ್ರ ಅಲ್ಲೇ ಇರಬೇಕು ಎಂದ. ಇದೆ.

ಅಲ್ಲಿಂದ ಮನೆಗೆ ಬರಲಿಲ್ಲ, ನೇರ ದೊಡ್ಡಮ್ಮನ ಮನೆಗೆ ಹೋದೆ. ಇನ್ನೊಂದು ದಿನ ಎಂದರೆ ಮತ್ತೆ ಹನ್ನೊಂದು ವರ್ಷವಾಗುತ್ತಿತ್ತು. ಅವರು ಯಾರದೋ ಅಂಗಿಯ ತೋಳು ಹೊಲಿಯುತ್ತಿದ್ದರು. ನಿಂತೇ ಹೇಳಿದೆ, ನಾಲ್ಕು ನಿಮಿಷದ್ದೂ, ಟಿಕೆಟ್ಟಿನದೂ, ನೀರಿನ ಬಾಟಲಿಯದೂ. ಅವರು ಹೊಲಿಗೆ ನಿಲ್ಲಿಸಲಿಲ್ಲ. ತೋಳು ಮುಗಿಸಿ, ದಾರ ಕತ್ತರಿಸಿ, ಅಂಗಿ ಮಡಿಸಿಟ್ಟು, "ಈಗ ಹೋಗಿ. ನಾಳೆ ಬಂದು ಮತ್ತೆ ಹೇಳಿ" ಎಂದರು.

ಮಾರನೆಯ ದಿನ ಹೋಗಿ ಮತ್ತೆ ಹೇಳಿದೆ. ಅವರು ಮಧ್ಯೆ ಮಧ್ಯೆ ಕೇಳಿದರು. ಬಸ್ಸನ್ನು ದಿಬ್ಬದ ಕಡೆಗೆ ಅವರೇ ಬೇಕೆಂದು ಒತ್ತಿದರೋ, ತಾನಾಗಿ ಹೋಯಿತೋ? ಒತ್ತಿದ್ದು, ನಾನು ಕಣ್ಣಾರೆ ಕಂಡೆ, ಎರಡೂ ಕೈಯಿಂದ ಒತ್ತಿದ ಎಂದೆ. ಇದನ್ನು ಯಾರೂ ನನಗೆ ಹೇಳಿರಲಿಲ್ಲ ಎಂದು ಅತ್ತರು. ಆಗ ತಿಳಿಯಿತು, ನನ್ನ ಮಾನ ಉಳಿಸಿಕೊಳ್ಳುವ ಭರದಲ್ಲಿ ಅವನು ಮಾಡಿದ್ದನ್ನೂ ಮುಚ್ಚಿಟ್ಟಿದ್ದೆ ಎಂದು. ಆ ದಿನದ ಮಾತೇ ಎತ್ತದೆ ಇದ್ದರೆ ಅವನ ಮಾತು ಎಲ್ಲಿಂದ ಬರಬೇಕು?

ಮೂರನೆಯ ದಿನ ಅವರೇ ಮನೆಗೆ ಬಂದು, ಕುರ್ಚಿ ಹತ್ತಿ, ಗಡಿಯಾರ ಇಳಿಸಿಕೊಂಡು ಹೋದರು. ನಿನ್ನ ಅಮ್ಮ ಏನೂ ಅರ್ಥವಾಗದೆ ನನ್ನ ಮುಖ ನೋಡಿದಳು. ಅವಳಿಗೂ ಆಗ ಹೇಳಿದೆ. ಈಗ ಗೋಡೆಯ ಮೇಲೆ ಬಿಳಿ ಗುರುತು ಮಾತ್ರ ಇದೆ, ಹೊತ್ತು ಎಷ್ಟೆಂದು ನೋಡಲು ಹತ್ತು ಸಲ ಅಲ್ಲಿಗೇ ಕಣ್ಣು ಹೋಗುತ್ತದೆ. ಗಡಿಯಾರ ದೊಡ್ಡಮ್ಮನ ಮಷೀನಿನ ಎದುರು ನಡೆಯುತ್ತಿದೆ. ಅವರು ನನ್ನ ಜೊತೆ ಮಾತನಾಡುತ್ತಿಲ್ಲ.

ಕಾಂಪೌಂಡರ್ ಏನೆಂದ?

ಅಪ್ಪ


೨೪ ಆಗಸ್ಟ್

ಅಪ್ಪಾ,

ತಡವಾಯಿತು. ಕಾಂಪೌಂಡರ್ ಹತ್ತಿರ ಒಂದಲ್ಲ, ನಾಲ್ಕು ಸಲ ಹೋಗಿ ಬಂದೆ.

ಮೊದಲ ಸಲ ಎಲ್ಲವನ್ನೂ ಹೇಳಿದೆ. ಪೇಷೆಂಟ್‌ಗಳು ಎಷ್ಟು ಎಂದು ನೀವು ಕೇಳಿದಿರಿ ಅಂದುಕೊಂಡೆ, ಇಪ್ಪತ್ತೆರಡು ವರ್ಷದಿಂದ ಬಂದವರೆಲ್ಲ ಅದನ್ನೇ ಕೇಳಿದ್ದಾರೆ ಎಂದರು. ಸ್ವಲ್ಪ ಹೊತ್ತಾದ ಮೇಲೆ, "ಆದ್ರೆ ನನ್ನ ದನಿ ಕೇಳಿತ್ತಲ್ವಾ?" ಎಂದರು. ಕೇಳಿತ್ತು ಎಂದೆ. ಅವರು ಗೋಡೆಯ ಕಡೆ ಹೊರಳಿದರು. ನಾನು ಎದ್ದು ಬಂದೆ.

ಎರಡನೆಯ ಸಲ ಎಡಗೈಯಿಂದ ಔಷಧಿ ಬಾಟಲಿಯ ಮುಚ್ಚಳ ತಿರುಗಿಸುವುದನ್ನು ಕಲಿಯುತ್ತಿದ್ದರು. ತೆಗೆದುಕೊಡಲು ಹೋದೆ, ಗದರಿದರು. ಬಾಟಲಿ ಹಿಡಿದುಕೊಂಡಿರಿ ಸಾಕು, ತಿರುಗಿಸುವುದು ನಾನು ಎಂದರು. ಈಗ ಹೋದಾಗಲೆಲ್ಲ ಅದೇ ಕೆಲಸ. ಅವರು ನನ್ನನ್ನು ಕ್ಷಮಿಸಿದ್ದಾರೋ ಇಲ್ಲವೋ ಕೇಳಿಲ್ಲ. ಕೇಳುವುದು ನನ್ನ ಅನುಕೂಲಕ್ಕೆ ಎನ್ನಿಸಿತು.

ಹೋದ ವಾರ ಉಸ್ತಾದರು ಸಾಮಾನು ಕೋಣೆಗೆ ಬಂದರು. ಹೊಸದಾಗಿ ಬಂದವರಿಗೆ ಕಲಿಸುವ ಪುಸ್ತಕ ಕೈಯಲ್ಲಿತ್ತು. ಸಿಕ್ಕಿಕೊಂಡವರನ್ನು ಮೊದಲು ಕೇಳಬೇಕಾದ ಪ್ರಶ್ನೆ ಎಂಬಲ್ಲಿ "ಎಷ್ಟು ಜನ ಇದ್ದೀರಿ" ಎಂಬುದನ್ನು ಹೊಡೆದುಹಾಕಿ, ಅದರ ಮೇಲೆ ಬರೆದಿದ್ದಾರೆ: "ನಿಮ್ಮನ್ನೂ ಸೇರಿಸಿ ಎಷ್ಟು ಜನ ಇದ್ದೀರಿ". ಕೇಳುವವರಿಗೆ ಎರಡು ಮಾತು ಹೆಚ್ಚು, ಅಷ್ಟೇ. ಇನ್ನು ಎಲ್ಲಾ ದಳಗಳಲ್ಲೂ ಹೀಗೇ ಕೇಳುತ್ತಾರಂತೆ. ಮುಂದಿನ ತಿಂಗಳಿಂದ ಹೊಸಬರಿಗೆ ಈ ಪಾಠ ನಾನು ಮಾಡಬೇಕು, ಯಾಕೆ ಬದಲಾಯಿತು ಎನ್ನುವುದನ್ನೂ ಸೇರಿಸಿ. ಹಗ್ಗ ಯಾವಾಗ ಎಂದು ಕೇಳಿದೆ. ಪಾಠ ಮಾಡು, ನೋಡೋಣ ಎಂದರು.

ಭಾನುವಾರ ಹನ್ನೆರಡನೇ ತಾರೀಕು ರಜೆಗೆ ಬರುತ್ತಿದ್ದೇನೆ. ಮಧ್ಯಾಹ್ನದ ಊಟಕ್ಕೆ ಇರುತ್ತೇನೆ. ತಟ್ಟೆ ಎಷ್ಟು ಇಡುತ್ತೀರಿ? ನಿಮ್ಮನ್ನೂ ಸೇರಿಸಿ ಹೇಳಿ.

ನಿಮ್ಮ ಮಗಳು


೩ ಸೆಪ್ಟೆಂಬರ್

ಮಗಳೇ,

ಮೊದಲು ಓದುವವರಿಗೆ ನಮಸ್ಕಾರ. ಅವಳ ಪತ್ರದ ಕೊನೆಯಲ್ಲಿ ತಾರೀಕು ಇತ್ತು, ನೀವು ಬಿಟ್ಟಿದ್ದೀರಿ. ಉಪಕಾರವಾಯಿತು.

ನಿನ್ನೆ ಮಧ್ಯಾಹ್ನ ದೊಡ್ಡಮ್ಮ ತಾವಾಗಿಯೇ ಬಂದರು. ಆರು ವಾರದ ಮೇಲೆ ಮೊದಲ ಸಲ. ನೀನು ಬರುವ ಸುದ್ದಿಯನ್ನು ನಿನ್ನ ಅಮ್ಮ ಹೇಳಿದ್ದಳಂತೆ. ಹೊಸ ಅಂಗಿ ಹೊಲಿಯಲು ನಿನ್ನ ಹಳೆಯದೊಂದು ಬೇಕಿತ್ತು. ಊಟದ ಹೊತ್ತಾಗಿತ್ತು, ಅಮ್ಮ ಬಿಡಲಿಲ್ಲ, ಕೂರಿಸಿದಳು.

ನಾನು ತಟ್ಟೆ ಇಟ್ಟೆ. ಅವರಿಗೊಂದು, ನಿನ್ನ ಅಮ್ಮನಿಗೊಂದು. ನಿನ್ನ ಪತ್ರ ಜೇಬಿನಲ್ಲೇ ಇತ್ತು, ನೀನು ಕೇಳಿದ್ದೂ ನೆನಪಿತ್ತು. ಕಪಾಟಿನ ಮುಂದೆ ಹೋಗಿ ನಿಂತೆ, ಕೈ ಎತ್ತಲು ಆಗಲಿಲ್ಲ. ಹಾಗೇ ನಿಂತಿದ್ದೆ. ದೊಡ್ಡಮ್ಮ ಎದ್ದು ಬಂದರು. ನನ್ನನ್ನು ಪಕ್ಕಕ್ಕೆ ಸರಿಸಿ ಒಂದು ತಟ್ಟೆ ತೆಗೆದು, ಸೆರಗಿನಿಂದ ಒರೆಸಿ, ತಮ್ಮ ತಟ್ಟೆಯ ಎದುರಿಗೆ ಇಟ್ಟರು. "ಮೂರು" ಎಂದರು. ಮೂವರೂ ಕೂತು ಊಟ ಮಾಡಿದೆವು.

ಭಾನುವಾರಕ್ಕೆ ನಾಲ್ಕು. ಎರಡು ಸಲ ಎಣಿಸಿದ್ದೇನೆ.

ನನ್ನನ್ನೂ ಸೇರಿಸಿ,
ಅಪ್ಪ